ಅಮ್ಮ ಕೇಳಿಸಿಕೊಂಡ ದಿನಗಳು

ಗುಬ್ಬಿಯ ಅಮ್ಮ ಮಾನವಶಾಸ್ತ್ರದ ಪ್ರೊಫೆಸರು. ಜನ ಯಾರನ್ನು ತಮ್ಮವರೆನ್ನುತ್ತಾರೆ, ಮಕ್ಕಳನ್ನು ಹೇಗೆ ಸಾಕುತ್ತಾರೆ, ಸತ್ತವರಿಗಾಗಿ ಹೇಗೆ ಅಳುತ್ತಾರೆ ಎನ್ನುವುದನ್ನೆಲ್ಲ ಅವರ ನಡುವೆಯೇ ಇದ್ದು, ತಿಳಿದು, ಬರೆಯುವುದು ಅವಳ ಕೆಲಸ. ಅವಳ ತಂಗಿಗೆ, ಅಂದರೆ ಗುಬ್ಬಿಯ ಚಿಕ್ಕಮ್ಮನಿಗೆ, ಆ ಕೆಲಸದ ಹೆಸರು ಯಾವತ್ತೂ ನಾಲಿಗೆಯ ಮೇಲೆ ನಿಲ್ಲಲಿಲ್ಲ. "ಅದೇ, ಬೇರೆಯವರ ಮನೆ ವಿಚಾರ ಕೇಳಿ ಬರ್ಕೊಳ್ಳೋದು" ಎನ್ನುತ್ತಿದ್ದಳು. "ನಮ್ಮ ಬೀದೀಲಿ ಎಲ್ಲರೂ ಅದೇ ಮಾಡ್ತಾರೆ, ಸಂಬಳ ಮಾತ್ರ ಯಾರೂ ಕೊಡಲ್ಲ."

ಅಮ್ಮ ಆರಿಸಿಕೊಂಡ ಜನ ಒಂದು ದೊಡ್ಡ ನದಿಯ ನಡುಗಡ್ಡೆಗಳಲ್ಲಿ ಇದ್ದವರು. ಜೊಂಡು ಕೊಯ್ದು ಚಾಪೆ ಹೆಣೆದು ಬದುಕುವವರು. ಪ್ರತಿ ನೆರೆಗೂ ನದಿ ಒಂದು ದಿಬ್ಬವನ್ನು ನುಂಗಿ ಇನ್ನೊಂದನ್ನು ಉಗುಳುತ್ತಿತ್ತು; ಇವರು ಗಂಟುಮೂಟೆ ಕಟ್ಟಿಕೊಂಡು ಹೊಸ ದಿಬ್ಬ ಹತ್ತಿ ಮತ್ತೆ ಗುಡಿಸಲು ಹಾಕುತ್ತಿದ್ದರು. ಅಮ್ಮ ಅವರ ಮಾತು ಕಲಿತಳು. ಅವರ ಜೊತೆ ಜೊಂಡಿಗೆ ಇಳಿದು ಅಂಗೈ ಸೀಳಿಸಿಕೊಂಡಳು. ಯಾರಿಗೆ ಯಾರು ಏನಾಗಬೇಕು ಎಂದು ಕೇಳಿ ಕೇಳಿ, ಗಂಡಸಿಗೆ ತ್ರಿಕೋನ, ಹೆಂಗಸಿಗೆ ಸೊನ್ನೆ ಹಾಕಿ, ಗೆರೆ ಎಳೆದು, ಆ ಜನರ ನಂಟನ್ನೆಲ್ಲ ದೊಡ್ಡ ದೊಡ್ಡ ಹಾಳೆಗಳ ಮೇಲೆ ಹರಡಿದಳು. ಅಲ್ಲಿ ಮಗು ಸಂಜೆ ಯಾರ ಗುಡಿಸಲಲ್ಲಿ ನಿದ್ದೆ ಹೋಯಿತೋ ಅವತ್ತಿನ ಮಟ್ಟಿಗೆ ಅದು ಆ ಮನೆಯ ಮಗು. ಹೆತ್ತವಳು ಹುಡುಕಿಕೊಂಡು ಬರುತ್ತಿರಲಿಲ್ಲ. ಅಮ್ಮನಿಗೆ ಹೆಸರು ತಂದುಕೊಟ್ಟ ಪುಸ್ತಕ ಇದರ ಮೇಲೆಯೇ ಇತ್ತು: ಹತ್ತು ಜನ ತಾಯಂದಿರ ಕೈಯಲ್ಲಿ ಒಂದು ಮಗು ಹೇಗೆ ಬೆಳೆಯುತ್ತದೆ ಎನ್ನುವುದರ ಮೇಲೆ.

ಗುಬ್ಬಿಗೆ ಇದ್ದದ್ದು ಒಬ್ಬಳೇ ಚಿಕ್ಕಮ್ಮ.

ಅಪ್ಪ ಅವಳು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದ. ಮಗುವಿಗೆ ಮೂರು ತುಂಬಿ ನಾಲ್ಕಕ್ಕೆ ನಡೆಯುತ್ತಿದ್ದಾಗ ಅಮ್ಮ ಮೊದಲ ಸಲ ನದಿಗೆ ಹೊರಟಳು. ಆಮೇಲೆ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಅಲ್ಲೇ. ಚಿಕ್ಕಮ್ಮನಿಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ಮದುವೆ ಆಗಿರಲಿಲ್ಲ, ಆಗಲೂ ಇಲ್ಲ. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಊರವರನ್ನೆಲ್ಲ ಒಬ್ಬರಿಗೊಬ್ಬರು ಜೋಡಿಸಿ ಕೊಟ್ಟು ಮನೆಗೆ ಬಂದು, ಗುಬ್ಬಿಯ ಜಡೆ ಹಾಕಿ, ಮಗ್ಗಿ ಒಪ್ಪಿಸಿಕೊಂಡು, ತುತ್ತು ಕೊಟ್ಟು ಮಲಗಿಸುತ್ತಿದ್ದಳು. ಅಕ್ಕನ ಮೇಲೆ ಸಿಟ್ಟು ಬಂದಾಗ "ಊರಿಗೆ ಉಪಕಾರಿ, ಮನೆಗೆ ಮಾರಿ" ಎನ್ನುವಳು. ಅಕ್ಕನ ಹೆಸರು ಪೇಪರಿನಲ್ಲಿ ಬಂದರೆ ಅದನ್ನು ಕತ್ತರಿಸಿ ಎಕ್ಸ್‌ಚೇಂಜಿಗೆ ಒಯ್ದು ಎಲ್ಲರಿಗೂ ತೋರಿಸುವವಳೂ ಅವಳೇ.

ಗುಬ್ಬಿ ದೊಡ್ಡವಳಾಗಿ ಹಲ್ಲು ಮಾಡುವ ಕೆಲಸ ಹಿಡಿದಳು. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವಳು ಲ್ಯಾಬಿನಲ್ಲಿ ಆ ಅಚ್ಚಿಗೆ ಮೇಣದಲ್ಲಿ ಹಲ್ಲು ಕೂರಿಸಿ, ತೀಡಿ, ಸೆಟ್ಟು ಮಾಡಿ ಕೊಡುತ್ತಾಳೆ. ಗಂಡ ಒಂದು ಮುದ್ರಣಾಲಯದಲ್ಲಿ ಬೈಂಡಿಂಗ್ ಕೆಲಸದವನು, ಮಾತು ಕಡಿಮೆ. ಮಕ್ಕಳಿಲ್ಲ. ಬೇಡ ಎಂದವಳು ಗುಬ್ಬಿ. ಯಾಕೆ ಎಂದು ಅವನು ಒಂದು ಸಲ ಕೇಳಿದ್ದ, ಇವಳು ಇಷ್ಟವಿಲ್ಲ ಎಂದಿದ್ದಳು, ಅವನು ಮತ್ತೆ ಆ ಮಾತು ಎತ್ತಿರಲಿಲ್ಲ. ಅತ್ತೆಯ ಪುಸ್ತಕವನ್ನು ಅವನು ಓದಿದ್ದ. ಗುಬ್ಬಿ ಓದಿರಲಿಲ್ಲ.

ರಿಟೈರಾಗಿ ಕೆಲವು ವರ್ಷ ಅಮ್ಮ ಒಬ್ಬಳೇ ಇದ್ದಳು. ಆಮೇಲೆ ಪಕ್ಕದ ಮನೆಯವರ ಫೋನುಗಳು ಶುರುವಾದವು. ಬೀಗ ಹಾಕದೆ ಹೋಗಿದ್ದಾರೆ. ಹಾಲು ಉಕ್ಕಿ ಪಾತ್ರೆ ಸುಟ್ಟು ಹೊಗೆ ಬರುತ್ತಿದೆ. ನಮ್ಮ ಮನೆ ಬಾಗಿಲು ತಟ್ಟಿ ದೋಣಿ ಯಾವಾಗ ಬರುತ್ತೆ ಎಂದು ಕೇಳಿದರು. ಡಾಕ್ಟರು ತಲೆಯ ಚಿತ್ರ ತೆಗೆಸಿ ನೋಡಿ, "ಹೊಸ ನೆನಪು ಮೊದಲು ಹೋಗುತ್ತೆ, ಹಳೇದು ಆಮೇಲೆ" ಎಂದರು. ಗುಬ್ಬಿ ಅಮ್ಮನನ್ನು ತನ್ನ ಮನೆಗೆ ಕರೆತಂದಳು. ಕರ್ತವ್ಯ ಎಂದುಕೊಂಡಳೇ ಹೊರತು ಕರುಳು ಚುರುಕ್ ಎಂದದ್ದೇನೂ ಇಲ್ಲ. ಬೆಳಿಗ್ಗೆ ಹೊತ್ತು ಗಂಡ ಮನೆಯಲ್ಲಿ, ಮಧ್ಯಾಹ್ನದ ಮೇಲೆ ಇವಳು. ಮಿಕ್ಕ ಮೇಣದ ಕೆಲಸವನ್ನು ಡಬ್ಬಿಯಲ್ಲಿ ಹಾಕಿಕೊಂಡು ಮನೆಗೇ ತರುತ್ತಿದ್ದಳು.

ಒಂದು ಮಧ್ಯಾಹ್ನ ಗುಬ್ಬಿ ಅಡುಗೆಮನೆಯ ಮೇಜಿನ ಮೇಲೆ ಮೇಣ ಕಾಯಿಸುತ್ತಿದ್ದಳು. ಅಮ್ಮ ಬಾಗಿಲಲ್ಲಿ ಬಂದು ನಿಂತು, ಒಳಗೆ ಬರಲು ಅಪ್ಪಣೆ ಕೇಳುವವರಂತೆ ಕೆಮ್ಮಿದಳು.

"ನೀವು ಈ ಮನೆ ಯಜಮಾನಿಯವರಾ?"

ತಮಾಷೆ ಇರಬೇಕು ಎಂದು ಗುಬ್ಬಿ ನಕ್ಕಳು. ಅಮ್ಮ ನಗಲಿಲ್ಲ. ಕುರ್ಚಿ ಎಳೆದುಕೊಟ್ಟರೂ ಕೂರದೆ ನೆಲದ ಮೇಲೆ ಕೂತಳು, ಗುಬ್ಬಿಗಿಂತ ಕೆಳಗೆ. "ನಿಮಗೆ ಬಿಡುವಿದ್ರೆ ಸ್ವಲ್ಪ ಮಾತಾಡೋಣ ಅಂತ. ಕೆಲಸ ಮಾಡ್ತಾನೇ ಹೇಳಿ, ಪರವಾಗಿಲ್ಲ. ನಾನು ಇಲ್ಲಿಯೋಳಲ್ಲ, ನಿಮ್ಮ ರೀತಿನೀತಿ ನನಗೆ ಗೊತ್ತಿಲ್ಲ. ತಪ್ಪು ಮಾತಾಡಿದ್ರೆ ತಿದ್ದಿ."

ಗುಬ್ಬಿಯ ಕೈಯಲ್ಲಿದ್ದ ಮೇಣ ತೀಡುವ ಚಾಕು ಹಾಗೇ ನಿಂತಿತು. ಅಮ್ಮ ತನ್ನನ್ನು ಮರೆತಿದ್ದಾಳೆ ಎಂದು ತಿಳಿಯಲು ಒಂದು ಗಳಿಗೆ ಹಿಡಿಯಿತು. ಮರೆತು ಎಲ್ಲಿಗೆ ಹೋಗಿದ್ದಾಳೆ ಎಂದು ತಿಳಿಯಲು ಇನ್ನೊಂದು ಗಳಿಗೆ. ಅಮ್ಮ ನದಿಯ ನಡುಗಡ್ಡೆಗೆ ಹೋಗಿದ್ದಳು. ಯಾವುದೋ ಹೊಸ ದಿಬ್ಬ, ಯಾವುದೋ ಹೊಸ ಮನೆ, ಕೆಲಸ ಮಾಡುತ್ತಾ ಕೂತ ಯಾವುದೋ ಹೆಂಗಸು.

ಮೊದಮೊದಲು ಇದೊಂದು ನಗೆಪಾಟಲಾಯಿತು. ಗಂಡ ಊಟಕ್ಕೆ ಕೂತರೆ ಅಮ್ಮ ಕೇಳುತ್ತಿದ್ದಳು: "ನಿಮ್ಮಲ್ಲಿ ಮದುವೆಯಾದ ಮೇಲೆ ಗಂಡು ಹೆಣ್ಣಿನ ಮನೆಗೆ ಬರೋದಾ, ಹೆಣ್ಣು ಗಂಡಿನ ಮನೆಗಾ?"

"ಇದು ಬಾಡಿಗೆ ಮನೆ ಅತ್ತೆ. ಇಬ್ಬರೂ ಹೊರಗಿನೋರೇ."

ಅಮ್ಮ ಗಂಭೀರವಾಗಿ ತಲೆಯಾಡಿಸಿದಳು. ಭಾನುವಾರ ಚಿಕ್ಕಮ್ಮ ಬಂದಾಗ ಅವಳನ್ನೂ ಬಿಡಲಿಲ್ಲ. "ನೀವು ಈಕೆಗೆ ಏನಾಗಬೇಕು?"

"ನಾನು ನಿನ್ನ ತಂಗಿ ಕಣೇ, ಕೋತಿ!"

ಅಮ್ಮ ಗುಬ್ಬಿಯ ಕಡೆ ತಿರುಗಿ ದನಿ ತಗ್ಗಿಸಿ ಕೇಳಿದಳು: "ಇಲ್ಲಿ ನೆಂಟರನ್ನ ಹೀಗೆ ಬೈಯೋದು ವಾಡಿಕೆನಾ?"

ಎಲ್ಲರೂ ನಕ್ಕರು. ಚಿಕ್ಕಮ್ಮ ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡು, ನೀರು ಕುಡಿಯುವ ನೆಪದಲ್ಲಿ ಎದ್ದು ಹೋದಳು.

ವಿದ್ಯಾರ್ಥಿಗಳಿಗೆ ಅಮ್ಮ ಹೇಳಿಕೊಡುತ್ತಿದ್ದ ಪಾಠ ಒಂದಿತ್ತು. ಪ್ರಶ್ನೆ ಕೇಳಿ. ಉತ್ತರ ಬಂದ ಕೂಡಲೇ ಮುಂದಿನ ಪ್ರಶ್ನೆಗೆ ಹಾರಬೇಡಿ, ಸುಮ್ಮನಿರಿ. ಮೊದಲು ಬರುವುದು ನೆಂಟರಿಗೆ ಕೊಡುವ ಉತ್ತರ. ಕಾದರೆ, ಅದರ ಹಿಂದೆಯೇ ಮನೆಯವರಿಗೆ ಕೊಡುವ ಉತ್ತರ ಬರುತ್ತದೆ. ಈ ಪಾಠದ ಮಾತು ಗುಬ್ಬಿಗೆ ಗೊತ್ತಿರಲಿಲ್ಲ. ಅದರ ಕೈಗೆ ಸಿಕ್ಕಿದ ಮೇಲೆ ಗೊತ್ತಾಯಿತು.

"ನಿಮ್ಮಲ್ಲಿ ಮಗೂನ ಯಾರು ಸಾಕ್ತಾರೆ?" ಅಮ್ಮ ಕೇಳಿದಳು.

"ತಾಯಿ."

ಅಮ್ಮ ಸುಮ್ಮನೆ ನೋಡುತ್ತಾ ಕೂತಳು. ಆ ನೋಟದಲ್ಲಿ ಅವಸರವಿಲ್ಲ, ಅನುಮಾನವಿಲ್ಲ. ತಲೆ ಒಂದಿಷ್ಟು ವಾಲಿಸಿ, ಈ ಲೋಕದಲ್ಲಿ ಗುಬ್ಬಿ ಹೇಳುವುದಕ್ಕಿಂತ ದೊಡ್ಡ ಸಂಗತಿ ಬೇರೆ ಇಲ್ಲ ಎನ್ನುವ ಹಾಗೆ ಕೂತಿದ್ದಳು. ಗುಬ್ಬಿ ಇಷ್ಟು ವರ್ಷದಲ್ಲಿ ಆ ಮುಖವನ್ನು ಕಂಡಿರಲಿಲ್ಲ. ಆ ಮುಖ ನದಿಯವರ ಪಾಲಿಗೆ ಮೀಸಲಾಗಿತ್ತು.

"ನನ್ನನ್ನ ಸಾಕಿದ್ದು ಚಿಕ್ಕಮ್ಮ" ಎಂದಳು ಗುಬ್ಬಿ, ಮೇಣದ ಕಡೆ ನೋಡುತ್ತಾ.

"ತಾಯಿ ಇರ್ಲಿಲ್ವಾ?"

"ಇದ್ರು. ಕೆಲಸದ ಮೇಲೆ ದೂರ ಇರ್ತಿದ್ರು."

"ಹೂಂ."

ಅಷ್ಟೇ. ಆ ಒಂದು ಹೂಂಗೆ ಗುಬ್ಬಿಯ ಬಾಯಿಯ ಬೀಗ ಸಡಿಲವಾಯಿತು. ಅಮ್ಮ ಊರಿಗೆ ಬಂದರೆ ಒಳಕೋಣೆ ಸೇರಿ ಬಾಗಿಲು ಹಾಕಿಕೊಂಡು ಟೈಪ್ ಮಾಡುತ್ತಿದ್ದಳು. ಗುಬ್ಬಿ ಬಾಗಿಲಿಗೆ ಬೆನ್ನು ಕೊಟ್ಟು ಹೊರಗೆ ಕೂರುತ್ತಿದ್ದಳು. ಟಕಟಕ ಸದ್ದು ನಿಂತರೆ ಎದೆ ಹಾರುವುದು, ಈಗ ಅಮ್ಮ ಎದ್ದು ಬರುತ್ತಾಳೆ ಎಂದು. ಹಾಳೆ ಬದಲಿಸುವ ಕಿರ್ರ್ ಸದ್ದು ಕೇಳುವುದು. ಮತ್ತೆ ಟಕಟಕ. ಇದನ್ನು ಗುಬ್ಬಿ ಚಿಕ್ಕಮ್ಮನಿಗೂ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ. ಈಗ ತನ್ನ ಕಾಲಬುಡದಲ್ಲಿ ಕೂತ ಈ ಅಪರಿಚಿತೆಗೆ, ಆ ಬಾಗಿಲಿನ ಒಳಗೆ ಕೂತಿದ್ದವಳಿಗೇ, ಹೇಳಿದಳು.

"ಆ ಮಗುವಿಗೆ ಎಷ್ಟು ಬೇಜಾರಾಗಿರಬೇಕು" ಎಂದಳು ಅಮ್ಮ. ಕಣ್ಣು ಒದ್ದೆಯಾಗಿತ್ತು. "ಬಾಗಿಲು ತಟ್ಟಬಾರದಾಗಿತ್ತಾ?"

"ತಟ್ಟಬಹುದು ಅಂತ ಗೊತ್ತಿರ್ಲಿಲ್ಲ."

ಹೀಗೆ ಮಧ್ಯಾಹ್ನಗಳು ನಡೆದವು. ಲ್ಯಾಬಿನಲ್ಲಿ ಕೆಲಸ ಮುಗಿಯುತ್ತಿದ್ದ ಹಾಗೆ ಗುಬ್ಬಿಗೆ ಕಾಲು ನಿಲ್ಲುತ್ತಿರಲಿಲ್ಲ. ಜೊತೆಯವರು "ಏನೇ, ಹೊಸ ಮದುವಣಗಿತ್ತಿ ಹಾಗೆ ಓಡ್ತೀಯ" ಎಂದು ಛೇಡಿಸಿದರು. ನಿಜ ಹೇಳಬೇಕೆಂದರೆ ಅವಳಿಗೆ ಆ ದಿನಗಳು ಸುಖದ ದಿನಗಳೇ. ಅಮ್ಮ ನಿನ್ನೆ ಕೇಳಿದ್ದನ್ನು ಇವತ್ತು ಮರೆತಿರುತ್ತಿದ್ದಳು. ಆದರೆ ಕೇಳಿಸಿಕೊಳ್ಳುವುದನ್ನು ಮಾತ್ರ ಮರೆತಿರಲಿಲ್ಲ. ಹೆಸರು ಹೋಯಿತು, ದಿನ ಹೋಯಿತು, ಸ್ನಾನದ ಕ್ರಮ ಹೋಯಿತು, ಕಸುಬು ಉಳಿದಿತ್ತು. ಊಟ ಬಡಿಸಿದರೆ ಕೈಮುಗಿದು, "ನಿಮಗೆ ತುಂಬ ತೊಂದರೆ ಕೊಡ್ತಿದ್ದೀನಿ. ಇಲ್ಲಿನ ಜನ ಒಳ್ಳೆಯವರು" ಎನ್ನುತ್ತಿದ್ದಳು. ಇಲ್ಲಿನ ಜನ ಎಂದರೆ ಗುಬ್ಬಿ ಮತ್ತು ಅವಳ ಗಂಡ.

ಒಂದು ದಿನ ಅಮ್ಮ ಮನೆಯನ್ನೆಲ್ಲ ಸುತ್ತಿ ಬಂದು ಕೇಳಿದಳು: "ಈ ಮನೇಲಿ ಮಕ್ಕಳ ಬಟ್ಟೆ ಒಣಗೋದು ಕಾಣ್ಲಿಲ್ಲ."

"ಮಕ್ಕಳಿಲ್ಲ."

ಅಮ್ಮ ಕಾದಳು.

"ನಾನೇ ಬೇಡ ಅಂದೆ."

ಇನ್ನೂ ಕಾದಳು. ಒಲೆಯ ಮೇಲೆ ಮೇಣದ ಬಟ್ಟಲು ಸಣ್ಣಗೆ ಗುಳುಗುಡುತ್ತಿತ್ತು. ಗುಬ್ಬಿ ಬೆಂಕಿ ಆರಿಸಿದಳು.

"ಭಯ ಆಗ್ತಿತ್ತು. ನನ್ನಲ್ಲೂ ಅದೇ ರಕ್ತ ತಾನೇ? ಎಲ್ಲಿ ನಾನೂ ಒಂದು ದಿನ ಮಗೂನ ಬಿಟ್ಟು ಎದ್ದು ಹೋಗ್ತೀನೋ ಅಂತ. ಹೋಗೋದಕ್ಕೆ ನನಗೆ ನದಿ ಇಲ್ಲ, ಪುಸ್ತಕ ಇಲ್ಲ. ಆದ್ರೂ ಭಯ."

ಅಮ್ಮ ಗುಬ್ಬಿಯ ಪಾದದ ಮೇಲೆ ಕೈ ಇಟ್ಟಳು. ಎದುರಿನವರು ತಮ್ಮದೊಂದು ಹೇಳಿದಾಗ ತನ್ನದೊಂದು ಹೇಳುವುದು ಅವಳ ಕಸುಬಿನ ಮರ್ಯಾದೆಯೂ ಇರಬೇಕು. ಮೆಲ್ಲಗೆ ಶುರು ಮಾಡಿದಳು.

"ನನಗೂ ಒಬ್ಬಳು ಮಗಳಿದ್ದಾಳೆ. ಇಷ್ಟೇ ಇಷ್ಟುದ್ದ. ಗುಬ್ಬಿ ಅಂತ ಕರೀತೀವಿ. ತಂಗಿ ಹತ್ತಿರ ಬಿಟ್ಟು ಬಂದಿದ್ದೀನಿ."

ಗುಬ್ಬಿ ಕೈಯಲ್ಲಿದ್ದ ಚಾಕು ಕೆಳಗಿಟ್ಟಳು.

"ಹೊರಡೋ ದಿನ ನನಗೆ ಕಾಲೇ ಬರ್ಲಿಲ್ಲ ನೋಡಿ. ಗಾಡಿ ಬಂದು ನಿಂತಿತ್ತು. ಮನಸ್ಸಲ್ಲೇ ಅಂದ್ಕೊಂಡೆ, ಇವಳು ಒಂದು ಸಲ ಅತ್ತರೆ ಸಾಕು, ಪೆಟ್ಟಿಗೆ ಇಳಿಸಿಬಿಡ್ತೀನಿ, ಈ ನದಿ ಗಿದಿ ಏನೂ ಬೇಡ. ಆದ್ರೆ ಅವಳು ಅಳಲೇ ಇಲ್ಲ. ಹೊಸಲ ಮೇಲೆ ನಿಂತು ಟಾಟಾ ಮಾಡಿದಳು. ನಗ್ತಾ ಇದ್ಳು." ಅಮ್ಮ ತನ್ನ ಅಂಗೈಯ ಹಳೆಯ ಗೆರೆಗಳನ್ನು ಸವರಿಕೊಂಡಳು. "ಅವಳಿಗೆ ನಾನು ಅಷ್ಟೇನೂ ಬೇಕಿಲ್ಲ ಅಂತ ಗೊತ್ತಾಯ್ತು. ತಂಗಿ ಜೊತೆ ಚೆನ್ನಾಗಿದ್ದಾಳೆ. ಪ್ರತಿ ಸಲ ಹೋದಾಗಲೂ ದೂರ ನಿಂತ್ಕೊಳ್ತಾಳೆ, ಹತ್ತಿರ ಬರಲ್ಲ. ನಾನೂ ಬಲವಂತ ಮಾಡಲ್ಲ."

ಗುಬ್ಬಿಗೆ ಆ ಹೊಸಲು ನೆನಪಿತ್ತು. ಹಿಂದೆ ನಿಂತು ಚಿಕ್ಕಮ್ಮ ಹೆಗಲು ಹಿಡಿದದ್ದು ನೆನಪಿತ್ತು. ಕಿವಿಯಲ್ಲಿ ಹೇಳಿದ ಮಾತು ನೆನಪಿತ್ತು: ಅಳಬಾರದು ಪುಟ್ಟ, ಜಾಣೆ ತಾನೇ ನೀನು, ಅತ್ತರೆ ಅಮ್ಮ ಬೇಗ ಬರೋದಿಲ್ಲ. ಅಮ್ಮ ಬೇಗ ಬರಲಿ ಎಂದೇ ಅವಳು ನಕ್ಕಿದ್ದಳು. ಹಲ್ಲು ಕಚ್ಚಿ, ಮುಖದ ತುಂಬ ನಕ್ಕಿದ್ದಳು. ಅಳದ ಮಗುವಿಗೆ ಹೆತ್ತವಳೂ ಹಾಲು ಕೊಡುವುದಿಲ್ಲ ಎನ್ನುತ್ತಾರೆ. ಅದು ಆ ಮಗುವಿಗೆ ಯಾರೂ ಹೇಳಿರಲಿಲ್ಲ.

ಭಾನುವಾರ ಚಿಕ್ಕಮ್ಮ ಬಂದಳು. ಮಂಡಿ ನೋವು, ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು. ಗುಬ್ಬಿ ಅವಳನ್ನು ಬಾಲ್ಕನಿಗೆ ಕರೆದೊಯ್ದು ಕೂರಿಸಿ ಕೇಳಿದಳು. ವಾರವೆಲ್ಲ ಮಾತು ಮಸೆದು ಇಟ್ಟುಕೊಂಡಿದ್ದಳು.

"ಅಮ್ಮ ಮೊದಲ ಸಲ ಹೊರಟಾಗ ಅಳಬೇಡ ಅಂತ ನನಗೆ ಯಾಕೆ ಹೇಳಿದೆ?"

ಚಿಕ್ಕಮ್ಮ ಹುಬ್ಬು ಗಂಟು ಹಾಕಿ ಯೋಚಿಸಿದಳು. ನಾಟಕವಲ್ಲ, ನಿಜವಾಗಿ ಹುಡುಕಿದಳು, ಸಿಗಲಿಲ್ಲ.

"ನಾನು ಹಾಗಂದ್ನಾ? ಇರಬಹುದಪ್ಪ. ಮಕ್ಕಳಿಗೆ ಅಳಬೇಡ ಅನ್ನದೆ ಇನ್ನೇನು ಅಳು ಅಂತಾರಾ? ಯಾಕೆ, ಏನಾಯ್ತೀಗ?"

ಗುಬ್ಬಿಯ ಮಸೆದ ಮಾತುಗಳೆಲ್ಲ ಮೊಂಡಾದವು. ಯಾರ ಜೀವನ ಎಲ್ಲಿ ತಿರುಗಿತೋ ಅಲ್ಲಿ ಒಂದು ದೊಡ್ಡ ಕಾರಣ ಇರಬೇಕಲ್ಲ ಎಂದು ಅವಳು ನಂಬಿದ್ದಳು. ಇಲ್ಲಿ ನೋಡಿದರೆ ಹೇಳಿದವರಿಗೇ ನೆನಪಿಲ್ಲದ ಒಂದು ಮಾತು, ಜಡೆ ಹಾಕುವಾಗ ಅಲ್ಲಾಡಬೇಡ ಎನ್ನುವಂಥದ್ದು. ಚಿಕ್ಕಮ್ಮನ ಊದಿದ ಕಾಲು, ಬೆವರಿದ ಕುತ್ತಿಗೆ ನೋಡಿ ಅವಳಿಗೆ ಸಿಟ್ಟು ಮಾಡುವುದಕ್ಕೂ ಆಗಲಿಲ್ಲ. "ಏನಿಲ್ಲ, ಸುಮ್ಮನೆ ಕೇಳಿದೆ" ಎಂದಳು. ಒಳಗೆ ಅಮ್ಮ ಗುಬ್ಬಿಯ ಗಂಡನನ್ನು ಕೇಳುತ್ತಿದ್ದಳು, ಈ ಕಡೆ ನೆರೆ ಯಾವ ತಿಂಗಳಲ್ಲಿ ಬರುತ್ತದೆ ಎಂದು.

ಆದರೆ ಅಮ್ಮನಿಗೆ ಹೇಳದೆ ಇರಲು ಗುಬ್ಬಿಗೆ ಸಾಧ್ಯವಾಗಲಿಲ್ಲ. ಅಷ್ಟು ವರ್ಷ ಅಮ್ಮ ಒಂದು ತಪ್ಪು ತಿಳಿವಳಿಕೆಯನ್ನು ಎದೆಯಲ್ಲಿ ಇಟ್ಟುಕೊಂಡು ನದಿಗೂ ಮನೆಗೂ ಓಡಾಡಿದ್ದಾಳೆ. ಅದನ್ನು ಹೊತ್ತುಕೊಂಡೇ ಹೋಗಬಾರದು. ಮಾರನೆಯ ಬೆಳಿಗ್ಗೆ ಲ್ಯಾಬಿಗೆ ಹೊರಡುವ ಮೊದಲು ಅಮ್ಮನ ಮಂಚದ ಅಂಚಿನಲ್ಲಿ ಕೂತಳು.

"ನಿಮ್ಮ ಮಗಳು, ಗುಬ್ಬಿ, ಅವತ್ತು ಅತ್ತಳು. ನಿಮ್ಮ ಗಾಡಿ ತಿರುವು ದಾಟಿದ ಮೇಲೆ. ತುಂಬಾ ಅತ್ತಳು. ನೀವು ಬೇಗ ಬರ್ಲಿ ಅಂತ ಅಲ್ಲೀವರೆಗೂ ತಡ್ಕೊಂಡಿದ್ಳು. ಅವಳಿಗೆ ನೀವು ಬೇಕಿತ್ತು."

ಅಮ್ಮನ ಮುಖದಲ್ಲಿ ಒಂದು ಕ್ಷಣ ಬೆಳಕು ಹರಿಯಿತು. ಇದನ್ನು ಗುಬ್ಬಿ ಕಣ್ಣಾರೆ ಕಂಡಳು. ಮರುಕ್ಷಣವೇ ಆ ಬೆಳಕು ಗಾಬರಿಯಾಯಿತು.

"ಅಳ್ತಿದ್ದಾಳಾ? ಯಾರು ಹೇಳಿದ್ರು? ಈಗಲೂ ಅಳ್ತಿದ್ದಾಳಾ?" ಹೊದಿಕೆ ಕಿತ್ತೆಸೆದು ಎದ್ದೇಬಿಟ್ಟಳು. "ನಾನು ಹೊರಡಬೇಕು. ದೋಣಿ ಯಾವಾಗ?"

ಸಮಾಧಾನ ಮಾಡಿ, ಬಿಸಿ ಹಾಲು ಕುಡಿಸಿ, ಬೆನ್ನು ನೀವಿ ಮಲಗಿಸುವಷ್ಟರಲ್ಲಿ ಗುಬ್ಬಿ ಹಣ್ಣಾದಳು. ಅಮ್ಮ ಕಣ್ಣು ಮುಚ್ಚಿದ ಮೇಲೆ, ಮರೆತಿರುತ್ತಾಳೆ ಎಂದುಕೊಂಡು ಕೆಲಸಕ್ಕೆ ಹೋದಳು. ಎಲ್ಲವನ್ನೂ ಮರೆಯುತ್ತಿದ್ದವಳು ಅದೊಂದನ್ನು ಮರೆಯಲಿಲ್ಲ.

ಗಂಡ ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಬಾಗಿಲು ಹಾರುಹೊಡೆದಿತ್ತು. ಅವನ ಫೋನು ಬಂದಾಗ ಗುಬ್ಬಿಯ ಕೈ ಪ್ಲಾಸ್ಟರಿನಲ್ಲಿ ಮೊಣಕೈವರೆಗೂ ಮುಳುಗಿತ್ತು. ಹಾಗೇ ಓಡಿಬಂದಳು. ಬೀದಿಯ ಅಂಗಡಿಗಳಲ್ಲಿ ಕೇಳಿದಳು, ಕಂಡವರನ್ನೆಲ್ಲ ಕೇಳಿದಳು. ಔಷಧಿ ಅಂಗಡಿಯವನು ಮುಖ್ಯರಸ್ತೆಯ ಕಡೆ ಕೈ ತೋರಿಸಿದ. ಅಲ್ಲಿ ಬಸ್ ನಿಲ್ದಾಣದ ತಗಡಿನ ಮಾಡಿನ ಕೆಳಗೆ ಅಮ್ಮ ಕೂತಿದ್ದಳು. ಕಾಲಿಗೆ ಅಳಿಯನ ಚಪ್ಪಲಿ. ಮಡಿಲಲ್ಲಿ ದಿಂಬಿನ ಚೀಲ, ಅದರಲ್ಲಿ ಏನೋ ಗಂಟು. ತುಂತುರು ಮಳೆಗೆ ಕೂದಲೆಲ್ಲ ಮುತ್ತು ಕಟ್ಟಿತ್ತು.

ಗುಬ್ಬಿ ಪಕ್ಕದಲ್ಲಿ ಕೂತಳು. ಅಮ್ಮ ಅವಳ ಬಿಳಿ ಬಳಿದ ಕೈಗಳನ್ನು ನೋಡಿ, ಜಾಗ ಬಿಟ್ಟುಕೊಟ್ಟು, ಕೇಳಿದಳು: "ಈ ಕಡೆ ಬಸ್ಸು ಬೇಗ ಬರುತ್ತಾ? ನನ್ನ ಮಗು ಅಳ್ತಿದೆಯಂತೆ. ಯಾರೋ ಪುಣ್ಯಾತ್ಮರು ಬಂದು ಹೇಳಿದ್ರು."

"ಅಮ್ಮ" ಎಂದಳು ಗುಬ್ಬಿ. ಆ ದಿನಗಳಲ್ಲಿ ಹಾಗೆ ಕರೆಯುವುದನ್ನೇ ಬಿಟ್ಟಿದ್ದಳು. ಅಮ್ಮನ ತಣ್ಣನೆಯ ಕೈ ತೆಗೆದು ತನ್ನ ಕೆನ್ನೆಗೆ ಒತ್ತಿಕೊಂಡಳು. "ನಾನೇ ಗುಬ್ಬಿ. ಇಲ್ಲೇ ಇದ್ದೀನಿ ನೋಡು. ನೀನು ಬಂದಾಯ್ತು. ಇನ್ನೆಲ್ಲಿಗೂ ಹೋಗಬೇಕಾಗಿಲ್ಲ."

ಅಮ್ಮ ಅವಳನ್ನು ನೋಡಿದಳು. ನರೆತ ಕೂದಲು, ಕನ್ನಡಕ, ಕಣ್ಣ ಕೆಳಗಿನ ಕಪ್ಪು, ಎಲ್ಲವನ್ನೂ ಬಿಡಿಬಿಡಿಯಾಗಿ, ಪ್ರೀತಿಯಿಂದಲೇ ನೋಡಿದಳು. ಆಮೇಲೆ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

"ನೀವು ತುಂಬಾ ಒಳ್ಳೆಯವರು. ಆದ್ರೆ ನನ್ನ ಮಗಳು ಇನ್ನೂ ಚಿಕ್ಕೋಳು."

ಬಸ್ಸು ಬಂತು. ಅಮ್ಮ ಎದ್ದಳು, ಗುಬ್ಬಿ ಹಿಡಿದಳು. ಅಮ್ಮ ಕೊಸರಿದಳು. ಅಷ್ಟು ಬಲ ಎಲ್ಲಿತ್ತೋ. "ಬಿಡ್ರೀ, ಬಿಡಿ ನನ್ನ, ಮಗು ಅಳ್ತಿದೆ!" ಕಂಡಕ್ಟರು ಬಾಗಿಲಲ್ಲಿ ನಿಂತು ಇವಳನ್ನೂ ಅವಳನ್ನೂ ನೋಡಿದ, ಗುಬ್ಬಿ ತಲೆ ಅಲ್ಲಾಡಿಸಿದಳು, ಅವನು ಸೀಟಿ ಊದಿದ. ಬಸ್ಸು ಹೋದ ಕಡೆಯೇ ನೋಡುತ್ತಾ ಅಮ್ಮ ಕುಸಿದು ಕೂತು, ಬೀದಿಯಲ್ಲಿ ಓಡಾಡುವ ಜನರ ಎದುರಿಗೆ, ನಾಚಿಕೆ ಬಿಟ್ಟು ಗೋಳೋ ಎಂದು ಅತ್ತಳು.

ಗುಬ್ಬಿ ಅವಳನ್ನು ತಬ್ಬಿಕೊಂಡಳು. ಚಿಕ್ಕಂದಿನಿಂದ ಅವಳು ಬೇಡಿದ್ದು ಇದೊಂದೇ: ಅಮ್ಮ ಎಲ್ಲ ಬಿಟ್ಟು, ಸಿಕ್ಕ ಚಪ್ಪಲಿ ಮೆಟ್ಟಿ, ನನಗಾಗಿ ಓಡಿಬರಬೇಕು. ಅಮ್ಮ ಹೊರಟೇ ಇದ್ದಳು. ಹಿಡಿದು ನಿಲ್ಲಿಸಿದವಳು ತಾನು.

ಅತ್ತು ಸುಸ್ತಾದ ಮೇಲೆ ಅಮ್ಮ ದಿಂಬಿನ ಚೀಲ ಬಿಚ್ಚಿದಳು. ಒಳಗೆ ಒಂದು ಬಾಚಣಿಗೆ, ಎರಡು ಬಾಳೆಹಣ್ಣು. "ಮಗುವಿಗೆ ಅಂತ ತಂದಿದ್ದೆ" ಎಂದಳು. "ಸುಮ್ಮನೆ ಹಾಳಾಗುತ್ತೆ. ನೀವು ತಿನ್ನಿ." ಸಿಪ್ಪೆ ಸುಲಿದು ತಾನೇ ಕೊಟ್ಟಳು. ಗುಬ್ಬಿ ಪ್ಲಾಸ್ಟರಿನ ಕೈಯಲ್ಲಿ ಹಿಡಿಯಲಾರದೆ ಬಾಯಿ ಮುಂದೆ ಮಾಡಿದಳು. ಅಮ್ಮ ತಿನ್ನಿಸಿದಳು. ಗುಬ್ಬಿ ಒಂದು ಚೂರೂ ಬಿಡದೆ ತಿಂದಳು.

ಆ ಮೇಲಿನ ದಿನಗಳು ಕೆಟ್ಟವು. ಬೆಳಗಾದರೆ ಅಮ್ಮ ಬಾಗಿಲ ಬಳಿ ನಿಲ್ಲುವಳು. ಚಿಲಕ ಎಳೆಯುವಳು, ಉಗುರು ಮುರಿದುಕೊಳ್ಳುವಳು. ಊಟ ಸೇರದು, ಕೇಳಿದ ಪ್ರಶ್ನೆ ಅರ್ಧಕ್ಕೆ ನಿಲ್ಲುವುದು. ಗಂಡ ಬಾಗಿಲಿಗೆ ಮೇಲೊಂದು ಅಗುಳಿ ಹಾಕಿಸಿದ. ಮಾತ್ರೆ ಕೊಟ್ಟರೆ ಮಂಕಾಗಿ ಬಿದ್ದಿರುವಳು, ಮಂಪರಿನಲ್ಲೂ "ಅಳ್ತಿದೆ, ಅಳ್ತಿದೆ" ಎನ್ನುವಳು. ಕಡೆಗೆ ಒಂದು ದಿನ ಗುಬ್ಬಿ ಬಾಗಿಲ ಬಳಿ ಹೋಗಿ ಅವಳ ಪಕ್ಕ ನಿಂತಳು.

"ಈಗಷ್ಟೇ ಊರಿಂದ ಫೋನ್ ಬಂದಿತ್ತು. ನಿಮ್ಮ ತಂಗಿ ಮಾಡಿದ್ರು."

"ಮಗು?"

"ಆರಾಮಾಗಿದ್ದಾಳೆ. ಆಟ ಆಡ್ತಿದ್ದಾಳಂತೆ."

"ಅಳ್ತಿಲ್ವಾ?"

"ಇಲ್ಲ."

"ಅವತ್ತು ಅತ್ತಳಂತಲ್ಲ?"

"ಯಾರೋ ಸುಳ್ಳು ಹೇಳಿದ್ದಾರೆ. ಅಳಲೇ ಇಲ್ಲವಂತೆ."

ಅಮ್ಮನ ಭುಜ ಇಳಿಯಿತು. ಚಿಲಕದಿಂದ ಕೈ ತೆಗೆದಳು. "ಹೌದು ಬಿಡಿ" ಎಂದಳು. "ಅವಳು ಗಟ್ಟಿ ಹುಡುಗಿ. ಅವಳಿಗೆ ಯಾರೂ ಬೇಕಿಲ್ಲ." ನಿಧಾನಕ್ಕೆ ನಡೆದು ಹೋಗಿ ಅಡುಗೆಮನೆಯ ನೆಲದ ಮೇಲೆ ತನ್ನ ಜಾಗದಲ್ಲಿ ಕೂತಳು. ಅಂದು ರುಚಿಯಾಗಿ ಉಂಡಳು. ಮಾರನೆಯ ದಿನ ಮತ್ತೆ ಬಾಗಿಲು. ಮತ್ತೆ ಅದೇ ಫೋನು ಬಂತೆಂದು ಗುಬ್ಬಿ ಹೇಳಬೇಕಾಯಿತು. ಆಮೇಲೆ ಬಾಗಿಲಿಗೆ ಹೋಗುವುದು ನಿಂತಿತು, ಮಗಳ ಮಾತೂ ನಿಂತಿತು, ಮೆಲ್ಲಮೆಲ್ಲಗೆ ಪ್ರಶ್ನೆಗಳೂ ನಿಂತವು. ಕೊನೆಗೆ ಅಮ್ಮ ನದಿಯವರ ಭಾಷೆಯಲ್ಲಿ ಮಾತ್ರ ಮಾತಾಡುತ್ತಿದ್ದಳು. ಅದು ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಗುಬ್ಬಿ ಹಲ್ಲಿನ ಕೆಲಸ ಪಕ್ಕಕ್ಕಿಟ್ಟು, ಅರ್ಥವಾಗದಿದ್ದರೂ ಹೂಂ ಹೂಂ ಎಂದು ಕೇಳಿಸಿಕೊಂಡಳು.

ಚಳಿ ಬಿದ್ದ ಮೇಲೆ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಗೆ ಸೇರಿಸಿದರು. ಒಂದು ಮುಂಜಾನೆ, ಗುಬ್ಬಿ ಅಮ್ಮನ ತಲೆ ಬಾಚುತ್ತಿದ್ದಾಗಲೇ, ಉಸಿರು ನಿಂತಿತು. ಚಿಕ್ಕಮ್ಮ ಬಂದು ಮಂಚದ ಕಂಬಿ ಹಿಡಿದು ನಿಂತು, "ನನ್ನನ್ನ ಗುರುತೂ ಹಿಡೀದೆ ಹೋದ್ಯಲ್ಲೇ, ಕೋತಿ" ಎಂದು ಬಿಕ್ಕಿದಳು.

ಯೂನಿವರ್ಸಿಟಿಯಲ್ಲಿ ಸಂತಾಪದ ಸಭೆ ಮಾಡಿದರು. ಫೋಟೋದಲ್ಲಿ ಅಮ್ಮ ಜೊಂಡಿನ ನಡುವೆ ಮೊಣಕಾಲು ನೀರಲ್ಲಿ ನಿಂತು ನಗುತ್ತಿದ್ದಳು, ಸೊಂಟದ ಮೇಲೆ ಯಾರದೋ ಮಗು. ಹಳೆಯ ವಿದ್ಯಾರ್ಥಿಯೊಬ್ಬ, ಈಗ ತಾನೂ ಪ್ರೊಫೆಸರು, ಎದ್ದು ನಿಂತು ಹೇಳಿದ: "ಮೇಡಂ ಹಾಗೆ ಕೇಳಿಸಿಕೊಳ್ಳೋರನ್ನ ನಾನು ಇನ್ನೊಬ್ಬರನ್ನ ಕಂಡಿಲ್ಲ. ಅವರ ಮುಂದೆ ಕೂತರೆ ನಾವು ಹುಟ್ಟಿದ್ದೇ ಇದನ್ನ ಹೇಳೋದಕ್ಕೆ ಅನ್ನಿಸೋದು." ಸಭೆಯಲ್ಲಿ ಎಲ್ಲರೂ ತಲೆದೂಗಿದರು. ಮುಂದಿನ ಸಾಲಿನಲ್ಲಿ ಕೂತ ಗುಬ್ಬಿಯೂ ತಲೆದೂಗಿದಳು. ಆಮೇಲೆ ಅವನು ಹತ್ತಿರ ಬಂದು, ಅಂಥ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ್ದು ನಿಮ್ಮ ಪುಣ್ಯ ಎಂದಾಗ, ಹೌದು ಎಂದಳು. ಒಂದು ಕಾಲದಲ್ಲಾಗಿದ್ದರೆ ಹಾಗೆನ್ನುವುದಕ್ಕೆ ಅವಳಿಗೆ ನಾಲಿಗೆ ಹೊರಳುತ್ತಿರಲಿಲ್ಲ.

ಸಂಜೆ ಮನೆಗೆ ಬಂದರು. ಗಂಡ ಬಾಗಿಲಿನ ಮೇಲಿನ ಅಗುಳಿಯನ್ನು ಸ್ಕ್ರೂ ಬಿಚ್ಚಿ ತೆಗೆಯುತ್ತಿದ್ದ. ಗುಬ್ಬಿ ಅಲ್ಲೇ ಮೆಟ್ಟಿಲ ಮೇಲೆ ಕೂತು, ಕೇಳದೆಯೇ ಹೇಳತೊಡಗಿದಳು. ಮಕ್ಕಳು ಬೇಡ ಎಂದದ್ದು ಯಾಕೆ ಎಂದು. ರಕ್ತದ ಭಯ, ಎದ್ದು ಹೋಗಿಬಿಡುವ ಭಯ, ಎಲ್ಲ ಹೇಳಿದಳು. ಅವನು ಸ್ಕ್ರೂಡ್ರೈವರ್ ಹಿಡಿದುಕೊಂಡೇ ನಿಂತು ಕೇಳಿದ. ಮುಗಿದ ಮೇಲೆ ಅಗುಳಿಯ ತೂತುಗಳ ಮೇಲೆ ಬೆರಳಾಡಿಸಿದ.

"ಅಷ್ಟೇನಾ?" ಎಂದ.

"ಅಷ್ಟೇ."

"ನಾನಿದ್ನಲ್ಲೇ." ಅವನ ದನಿ ಒಡೆಯಿತು. "ನೀನು ಎದ್ದು ಹೋಗಿದ್ರೂ, ಮಗು ಹತ್ತಿರ ನಾನಿರ್ತಿದ್ದೆನಲ್ಲ."

ಇಬ್ಬರ ತಲೆಯೂ ನರೆತಿತ್ತು. ಅವನು ಕೆಳಗೆ ಬಿದ್ದ ಸ್ಕ್ರೂಗಳನ್ನು ಆರಿಸಿ ಅಂಗೈಯಲ್ಲಿ ಹಾಕಿಕೊಂಡ. ಮೇಲೆ ಮೋಡ ಕವಿದಿತ್ತು, ಕೆಳಗೆ ಹಿತ್ತಿಲಲ್ಲಿ ಅಮ್ಮನ ಹೊದಿಕೆಗಳನ್ನು ಒಗೆದು ಹರವಿದ್ದರು. "ಬಾ, ನೆನೆಯುತ್ತೆ" ಎಂದು ಅವನು ಮುಂದೆ ಹೋದ. ಗುಬ್ಬಿ ಕಣ್ಣೊರೆಸಿಕೊಂಡು ಹಿಂದೆ ಹೋದಳು. ಇಬ್ಬರೂ ಎರಡು ತುದಿ ಹಿಡಿದು ಹೊದಿಕೆಗಳನ್ನು ಮಡಚಿದರು.